ವಿಜಯಪುರಕ್ಕೆ ಒಂದೇ ದಿನ, ಜೊತೆಗೆ ಮಂಡಿನೋವಿನ ಗೆಳತಿ

ಪ್ರಶ್ನೆ: ಮೇಡಂ, ನಾವು ಐದು ಜನ ಕಾಲೇಜು ದಿನಗಳ ಗೆಳತಿಯರು. ಎಲ್ಲರಿಗೂ ಐವತ್ತು ದಾಟಿದೆ. ಡಿಸೆಂಬರಿನ ಒಂದು ಭಾನುವಾರ ವಿಜಯಪುರ ನೋಡಬೇಕೆಂದಿದ್ದೇವೆ. ಬೆಳಗ್ಗೆ ಬಂದಿಳಿದು ರಾತ್ರಿ ವಾಪಸ್. ನನ್ನ ಪಟ್ಟಿಯಲ್ಲಿ ಹನ್ನೆರಡು ಜಾಗಗಳಿವೆ. ಆದರೆ ಒಬ್ಬಳಿಗೆ ಮಂಡಿನೋವು. ‘ನನ್ನಿಂದ ನಿಮ್ಮ ಟ್ರಿಪ್ ಹಾಳಾಗೋದು ಬೇಡ, ನಾನು ಬರಲ್ಲ’ ಅನ್ನುತ್ತಿದ್ದಾಳೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅವಳನ್ನು ಕರೆದುಕೊಂಡೇ ಬನ್ನಿ ತಂಗಿ. ಪಟ್ಟಿಯಿಂದ ಏಳು ಜಾಗ ಹೊಡೆದುಹಾಕಿ, ಐದು ಸಾಕು. ನಾನು ಇದೇ ಊರಿನ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವಳು. ಬಸ್ಸಿನಿಂದ ಇಳಿದವರು ಫೋಟೊ ತೆಗೆದು ಮತ್ತೆ ಬಸ್ಸಿಗೆ ಓಡುವುದನ್ನು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಸುಮಾರು ಇನ್ನೂರು ವರ್ಷ ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ಊರು ಇದು. ಇಲ್ಲಿ ಕೂತು ನೋಡಬೇಕು. ನಿಮ್ಮ ಗೆಳತಿಯ ನಡಿಗೆಗೆ ತಕ್ಕ ಹಾಗೆ ದಿನ ಹೊಂದಿಸಿಕೊಂಡರೆ ಉಳಿದವರಿಗೂ ಊರು ಚೆನ್ನಾಗಿ ಕಾಣುತ್ತದೆ.

ರೈಲು ನಿಲ್ದಾಣದಿಂದ ಗೋಲಗುಮ್ಮಟ ಹತ್ತಿರವೇ. ಬಾಗಿಲು ತೆರೆಯುತ್ತಿದ್ದಂತೆ ಒಳಗಿರಿ. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಕಾಲ. ಮಕ್ಕಳು ಬಂದ ಮೇಲೆ ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಬರೀ ಕೂಗಾಟ. ಅದಕ್ಕೆ ಹೋಗಲು ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತಬೇಕು, ಏಳು ಅಂತಸ್ತು. ಮಂಡಿನೋವಿನವರಿಗೆ ಬೇಡವೇ ಬೇಡ. ಹಾಗಂತ ಅವರಿಗೆ ನೋಡಲು ಏನೂ ಇಲ್ಲ ಅಂದುಕೊಳ್ಳಬೇಡಿ. ನನ್ನ ಕೇಳಿದರೆ ನಿಜವಾದ ಅಚ್ಚರಿ ಇರುವುದೇ ಕೆಳಗೆ.

ಒಳಗೆ ನಿಂತು ತಲೆ ಎತ್ತಿ. ಅಷ್ಟು ದೊಡ್ಡ ಹಾಲ್‌ನಲ್ಲಿ ನಡುವೆ ಒಂದೂ ಕಂಬವಿಲ್ಲ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಅಷ್ಟು ಭಾರವನ್ನು ಯಾವುದು ಹೊತ್ತಿದೆ? ಈಗ ಮೂಲೆಗಳ ಕಡೆ ನೋಡಿ. ಎಂಟು ಕಮಾನುಗಳು ಒಂದನ್ನೊಂದು ದಾಟಿಕೊಂಡು ಮೇಲೇರುತ್ತವೆ. ಕೆಳಗೆ ಚೌಕವಾಗಿದ್ದ ಕೋಣೆ ಮೇಲೆ ಹೋಗುತ್ತಾ ದುಂಡಗಾಗುತ್ತದೆ. ಆ ದುಂಡು ಅಂಚಿನ ಮೇಲೆ ಗುಮ್ಮಟ ಕೂತಿದೆ. ಈ ಲೆಕ್ಕಾಚಾರ ಕಣ್ಣಿಗೆ ಹತ್ತಲು ಹತ್ತು ನಿಮಿಷವಾದರೂ ಬೇಕು. ಮೇಲೆ ಹತ್ತುವ ಆತುರದಲ್ಲಿ ಬಹಳ ಜನ ಇದನ್ನು ನೋಡುವುದೇ ಇಲ್ಲ. ನಡುವಿನ ಕಟ್ಟೆಯ ಮೇಲೆ ಮೊಹಮ್ಮದ್ ಆದಿಲ್‌ಶಾಹ ಮತ್ತು ಅವನ ಕುಟುಂಬದವರ ಗೋರಿಗಳಿವೆ. ಮೇಲಿರುವುದು ಗುರುತಿಗೆ ಮಾತ್ರ, ನಿಜವಾದ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. 1656ರಲ್ಲಿ ಅವನು ತೀರಿಕೊಂಡಾಗ ಇಲ್ಲೇ ಮಣ್ಣು ಮಾಡಿದರು.

ಹತ್ತುವವರು ಇಬ್ಬಿಬ್ಬರಾಗಿ ಹೋಗಿ, ಯಾರಾದರೂ ಒಬ್ಬರು ಮಂಡಿನೋವಿನ ಗೆಳತಿಯ ಜೊತೆ ಕೆಳಗಿರಿ. ಮೇಲೆ ದಯವಿಟ್ಟು ಕಿರುಚಬೇಡಿ. ಗೋಡೆಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಮಾತಾಡಿ. ಎದುರು ಬದಿಯಲ್ಲಿ ಗೋಡೆಗೆ ಕಿವಿಯಿಟ್ಟವರಿಗೆ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಕೇಳುತ್ತದೆ. ಮದುವೆಯ ಆಮಂತ್ರಣವೋ ಹಳೆಯ ಗುಟ್ಟೋ, ಏನಾದರೂ ಹೇಳಿಕೊಳ್ಳಿ!

ಆಮೇಲೆ ಜಾಮಿಯಾ ಮಸೀದಿ. ಈಗಲೂ ನಮಾಜು ನಡೆಯುವ ಜಾಗ, ಆದ್ದರಿಂದ ತಲೆಗೆ ಸೆರಗೋ ದುಪಟ್ಟಾವೋ ಇರಲಿ. ನೀವು ಹಂಪಿ ನೋಡಿದ್ದರೆ ಇಲ್ಲಿ ಒಂದು ಮಾತು ನೆನಪಿಡಿ. 1565ರ ರಕ್ಕಸಗಿ-ತಂಗಡಗಿ ಯುದ್ಧದ ನಂತರ ಆ ಊರು ಹಾಳಾಯಿತು, ಈ ಊರು ಬೆಳೆಯಿತು. ಗೆದ್ದವರಲ್ಲಿ ಒಬ್ಬನಾದ ಒಂದನೇ ಅಲಿ ಆದಿಲ್‌ಶಾಹ ಕಟ್ಟಿಸಿದ ಮಸೀದಿ ಇದು.

ಮಧ್ಯಾಹ್ನ ಒಳ್ಳೆಯ ಖಾನಾವಳಿ ಹುಡುಕಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಖಾರ ಜಾಸ್ತಿ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಐದು ಜನಕ್ಕೆ ಎರಡು ಆಟೋ ಬೇಕಾಗುತ್ತದೆ. ಇಡೀ ದಿನಕ್ಕೆ ದರ ಮಾತಾಡಿಕೊಂಡೇ ಹತ್ತಿ.

ಊಟದ ನಂತರ ಅರ್ಧಕ್ಕೇ ನಿಂತ ಗೋರಿ ಬಾರಾ ಕಮಾನ್ ನೋಡಿಕೊಂಡು ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಹೋಗಿ. ಸುಮಾರು 55 ಟನ್ ತೂಕದ ಕಂಚಿನ ತೋಪು, 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿಯ ಹತ್ತಿರ ಹೋಗಿ ನೋಡಿ. ಅದು ಬಾಯ್ತೆರೆದ ಸಿಂಹದ ಮುಖ, ಹಲ್ಲುಗಳ ನಡುವೆ ಒಂದು ಆನೆ ಸಿಕ್ಕಿಕೊಂಡಿದೆ. ಕೈಯಿಂದ ತಟ್ಟಿದರೆ ಗಂಟೆಯ ನಾದ ಬರುತ್ತದೆ. ಕೈಯಿಂದ ಮಾತ್ರ, ಕಲ್ಲಿನಿಂದ ಬೇಡ.

ನಾಲ್ಕು ಗಂಟೆಯ ಒಳಗೆ ಇಬ್ರಾಹಿಂ ರೋಜಾದಲ್ಲಿರಿ. ಬೇರೆ ಯಾವುದು ತಪ್ಪಿದರೂ ಇದು ತಪ್ಪಬಾರದು. ಕೋಟೆಗೋಡೆಯ ಹೊರಗೆ ಪಶ್ಚಿಮಕ್ಕಿದೆ. ಒಂದೇ ಜಗಲಿಯ ಮೇಲೆ ಒಂದು ಕಡೆ ಗೋರಿ, ಎದುರಿಗೆ ಮಸೀದಿ, ನಡುವೆ ನೀರಿನ ತೊಟ್ಟಿ. ಇಲ್ಲಿ ಮಲಗಿರುವವನು ಎರಡನೇ ಇಬ್ರಾಹಿಂ ಆದಿಲ್‌ಶಾಹ, 1627ರಲ್ಲಿ ತೀರಿಕೊಂಡವನು. ಸಂಗೀತ ಅಂದರೆ ಪ್ರಾಣ ಬಿಡುತ್ತಿದ್ದ. ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕ ಬರೆದ, ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದ. ಜನ ಅವನನ್ನು ಜಗದ್ಗುರು ಬಾದಶಹ ಎಂದರು. ಇದನ್ನು ಹೇಳುವಾಗ ನನಗೆ ಈಗಲೂ ಎದೆ ತುಂಬಿ ಬರುತ್ತದೆ.

ಗೋರಿಯ ಕಿಟಕಿಗಳ ಮುಂದೆ ನಿಧಾನವಾಗಿ ನಿಲ್ಲಿ. ದೂರದಿಂದ ಬರೀ ಜಾಲಂಧ್ರ ಅನ್ನಿಸುತ್ತದೆ. ಹತ್ತಿರ ಹೋದರೆ ಅದು ಅರಬ್ಬಿ ಅಕ್ಷರಗಳ ಸಾಲು. ಅಕ್ಷರಗಳನ್ನು ಉಳಿಸಿ ಸುತ್ತಲಿನ ಕಲ್ಲನ್ನು ಕೊರೆದು ತೆಗೆದಿದ್ದಾರೆ, ಬೆಳಕು ಆ ಸಂದಿಗಳಿಂದಲೇ ಒಳಗೆ ಹೋಗುತ್ತದೆ. ಇಲ್ಲಿ ಏಳು ಅಂತಸ್ತು ಹತ್ತುವ ಕೆಲಸವಿಲ್ಲ. ಜಗಲಿಯ ನಾಲ್ಕು ಮೆಟ್ಟಿಲಿಗೆ ನಿಮ್ಮ ಗೆಳತಿಗೆ ಕೈ ಕೊಡಿ, ಆಮೇಲೆ ಬೇಕಾದಷ್ಟು ಹೊತ್ತು ಕೂರಬಹುದು.

ಪ್ರಶ್ನೆ: ಬಾರಾ ಕಮಾನ್ ಅರ್ಧಕ್ಕೇ ನಿಂತದ್ದು ಏಕೆ? ಅದರ ನೆರಳು ಗೋಲಗುಮ್ಮಟದ ಮೇಲೆ ಬೀಳುತ್ತದೆಂದು ನಿಲ್ಲಿಸಿದರು ಅನ್ನುತ್ತಾರಲ್ಲ, ನಿಜವೇ?
– ಪಿಯುಸಿ ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ನೆರಳಿನ ಕಥೆ ಗೈಡ್‌ಗಳು ಹೇಳುವುದು. ಎರಡು ಕಟ್ಟಡಗಳ ನಡುವೆ ಇರುವ ದೂರವನ್ನು ನಕ್ಷೆಯಲ್ಲಿ ನೋಡು, ನೆರಳು ಅಷ್ಟು ದೂರ ಹೋಗುತ್ತದಾ ನೀನೇ ಹೇಳು. ಅದು ಎರಡನೇ ಅಲಿ ಆದಿಲ್‌ಶಾಹನ ಗೋರಿ. 1672ರಲ್ಲಿ ಅವನು ಸತ್ತಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಪಟ್ಟಕ್ಕೆ ಬಂದವನು ಪುಟ್ಟ ಹುಡುಗ ಸಿಕಂದರ್. ಆಸ್ಥಾನದಲ್ಲಿ ಒಳಜಗಳ, ಹೊರಗೆ ಮರಾಠರು ಮತ್ತು ಮೊಗಲರು. 1686ರಲ್ಲಿ ಔರಂಗಜೇಬ ಊರನ್ನೇ ಗೆದ್ದುಕೊಂಡ. ಗುಮ್ಮಟ ಮುಗಿಸಲು ಯಾರು ಉಳಿದಿದ್ದರು?