ಮನೇಲಿ ಬಳಸೋ ಉಸಿರಾಟದ ಮಷೀನಲ್ಲಿ ಲಿನಕ್ಸ್ ಇದೆ, ಸೇಫ್ಟಿಗೆ ಲಾಕ್ ಮಾಡಲೇಬೇಕು. ಜಿಪಿಎಲ್ (ಕೊಟ್ಟೋರಿಗೆ ಸೋರ್ಸ್ ಕೋಡೂ ಕೊಡ್ಬೇಕು ಅನ್ನೋ ಲೈಸೆನ್ಸ್) ಸಾಫ್ಟ್‌ವೇರ್ ಪೂರ್ತಿ ಬಿಟ್ಟುಬಿಡ್ಲಾ?

ಅಯ್ಯೋ, ನಂದೂ ಇದೇ ಕಥೆ. ಪೀಣ್ಯದಲ್ಲಿ ಒಂದು ಸಣ್ಣ ಕಂಪನಿ, ನಿದ್ದೇಲಿ ಉಸಿರು ಕಟ್ಟೋರಿಗೆ ಸಿಪ್ಯಾಪ್ ಮಷೀನ್ ಮಾಡ್ತಿದ್ವಿ. ಸ್ಕ್ರೀನ್ ನಡೆಸೋಕೆ ಲಿನಕ್ಸ್, ಮೇಲೆ ಸೆಕ್ಯೂರ್ ಬೂಟ್, ನಮ್ಮ ಕೀ ಸೈನ್ ಇಲ್ದೆ ಏನೂ ಓಡಲ್ಲ, ಆ ಕೀಯ ಹ್ಯಾಶ್, ಅಂದ್ರೆ ಗುರುತು, ಚಿಪ್ಪಿನ ಒಂದೇ ಸಲ ಬರೆಯೋಕಾಗೋ ಫ್ಯೂಸಲ್ಲಿ ಬರ್ನ್ ಮಾಡಿಯಾಗಿತ್ತು, ಅದನ್ನ ವಾಪಸ್ ತೆಗೆಯೋಕೆ ಬ್ರಹ್ಮನಿಂದಲೂ ಆಗಲ್ಲ.

ಲಿನಕ್ಸಿನ ತಿರುಳು, ಅಂದ್ರೆ ಕರ್ನಲ್, ಜಿಪಿಎಲ್ 2, ಸೋರ್ಸ್ ಕೊಟ್ರೆ ಮುಗೀತು ಅಂದ್ಕೊಂಡಿದ್ವಿ. ಆದ್ರೆ ಮಷೀನಿಗೆ ಹಾಕೋ ಸಾಫ್ಟ್‌ವೇರ್ ಇಮೇಜಲ್ಲಿ ಬ್ಯಾಶ್ ಅನ್ನೋ ಕಮಾಂಡ್ ಓಡಿಸೋ ಪ್ರೋಗ್ರಾಂ ಕೂತಿತ್ತು, ಅದು 2009ರ 4.0 ಇಂದ ಜಿಪಿಎಲ್ 3. 2007ರಲ್ಲಿ ಬಂದ ಈ ಲೈಸೆನ್ಸಿನ 6ನೇ ಸೆಕ್ಷನ್ ಟಿವೋ ಅನ್ನೋ ಟಿವಿ ರೆಕಾರ್ಡರ್ ಥರ ಲಾಕ್ ಮಾಡೋರಿಗೆ ಅಂತಲೇ ಬರೆದಿದ್ದು: ಗ್ರಾಹಕರ ಸಾಮಾನಾದ್ರೆ, ತಿದ್ದಿದ ಕೋಡನ್ನ ಅದೇ ಮಷೀನಲ್ಲಿ ಓಡಿಸೋ ದಾರೀನೂ ಕೊಡಬೇಕು, ಕೀ ಬೇಕಾದ್ರೆ ಕೀ.

ಬ್ಯಾಶ್ ಇರೋದು ನಂಗೆ ಗೊತ್ತಿತ್ತು, ತಪ್ಪಾಗಿದ್ದು ಅಲ್ಲಿ ಅಲ್ಲ. ‘ಇದು ಮೆಡಿಕಲ್ ಡಿವೈಸು, ಗ್ರಾಹಕರ ಸಾಮಾನೆಲ್ಲಿ ಆಗುತ್ತೆ, ಬಿಡು’ ಅಂದ್ಬಿಟ್ಟೆ. ಸೆಕ್ಷನ್ ನೋಡೋದು ಡಾಕ್ಟರ್ ಚೀಟಿ ಬೇಕಾ, ಸರ್ಕಾರ ಯಾವ ಕ್ಲಾಸಿಗೆ ಸೇರಿಸಿದೆ ಅಂತ ಅಲ್ಲ, ಆ ಥರದ ವಸ್ತು ಸಾಮಾನ್ಯವಾಗಿ ಮನೆ ಬಳಕೆದಾ ಅಂತ. ಐಸಿಯು ವೆಂಟಿಲೇಟರ್ ಬಚಾವ್, ಮಂಚದ ಪಕ್ಕದ ಸಿಪ್ಯಾಪ್ ಸಿಕ್ಕಾಕೊಳ್ಳುತ್ತೆ. ಆಸ್ಪತ್ರೆಯೇ ಕೊಂಡ್ರೂ ಲೆಕ್ಕ ಬದಲಾಗಲ್ಲ, ಅನುಮಾನ ಇದ್ರೆ ಗ್ರಾಹಕರ ಸಾಮಾನು ಅಂತಲೇ ಹಿಡೀರಿ ಅಂತ ಅಲ್ಲೇ ಬರೆದಿದೆ. ಆ ಒಂದು ಪ್ಯಾರಾ ನಾನು ಓದಿದ್ದು ಹೊರದೇಶದ ಡಿಸ್ಟ್ರಿಬ್ಯೂಟರ್ ಲೈಸೆನ್ಸ್ ಪಟ್ಟಿ ಕೇಳಿ ಆರ್ಡರ್ ನಿಲ್ಲಿಸಿದ ಮೇಲೆ. ಬ್ಯಾಶ್ ಕಿತ್ತು ಅದೇ ಕೆಲಸ ಮಾಡೋ ಬಿಸಿಬಾಕ್ಸ್ ಹಾಕಿದ್ವಿ, ಅದು ಜಿಪಿಎಲ್ 2, ಸ್ಕ್ರಿಪ್ಟೆಲ್ಲಾ ತಿದ್ದಿ ಐಇಸಿ 62304 (ಮೆಡಿಕಲ್ ಸಾಫ್ಟ್‌ವೇರಿನ ಸ್ಟ್ಯಾಂಡರ್ಡ್) ಟೆಸ್ಟಿಂಗ್ ಮತ್ತೆ ಮಾಡೋಷ್ಟರಲ್ಲಿ ನಾಲ್ಕು ತಿಂಗಳು, ಆರ್ಡರೂ ಹೋಯ್ತು.

ನೀವು ಕೇಳಿರೋದೇ ಉಲ್ಟಾ ಅನ್ಸುತ್ತೆ ನಂಗೆ. ಲಾಕ್ ಇಂದ ಸೇಫ್ಟಿ ಬರಲ್ಲ. ಥೆರಾಕ್-25 ರೇಡಿಯೇಷನ್ ಮಷೀನ್ ಕೋಡನ್ನ ರೋಗಿಗಳ್ಯಾರೂ ಮುಟ್ಟಿರ್ಲಿಲ್ಲ, ಆದ್ರೂ 1985-87ರಲ್ಲಿ ಆರು ಜನಕ್ಕೆ ವಿಪರೀತ ಡೋಸ್ ಬಿತ್ತು, ಹಳೇ ಮಾಡೆಲಲ್ಲಿದ್ದ ಹಾರ್ಡ್‌ವೇರ್ ಇಂಟರ್‌ಲಾಕ್ (ತಪ್ಪಾದ್ರೆ ಮಷೀನ್ ತಡೆಯೋ ವ್ಯವಸ್ಥೆ) ತೆಗೆದು ಸಾಫ್ಟ್‌ವೇರನ್ನೇ ನಂಬಿದ್ರು. ಗಾಳಿ ಒತ್ತಡದ ಮಿತಿ ಕಾಯೋ ಕೆಲಸಾನ ಬೇರೆ ಮೈಕ್ರೋಕಂಟ್ರೋಲರ್ ಚಿಪ್ಪಿಗೆ ಕೊಡಿ, ಅದಕ್ಕೆ ತನ್ನದೇ ಸೆನ್ಸರ್ ಇರ್ಲಿ, ಆಮೇಲೆ ಲಿನಕ್ಸ್ ಕಡೆ ಯಾರು ಏನು ತುರುಕಿದ್ರೂ ಗಾಳಿ ಮಿತಿ ದಾಟಲ್ಲ. ಅದನ್ನ ಮಾಡದೆ ಜಿಪಿಎಲ್ ಮೇಲೆ ಕೋಪ ಮಾಡ್ಕೊಂಡು ಏನು ಬಂತು?

ನಿಮ್ಮ ಲಿನಕ್ಸ್ ಇಮೇಜ್ ಕಟ್ಟೋ ಟೂಲ್ ಯೋಕ್ಟೋ ಆದ್ರೆ, ಬಿಲ್ಡ್ ಆದ್ಮೇಲೆ ಯಾವ ಪ್ಯಾಕೇಜಿಗೆ ಯಾವ ಲೈಸೆನ್ಸ್ ಅಂತ ಇರೋ ಲೈಸೆನ್ಸ್ ಮ್ಯಾನಿಫೆಸ್ಟ್ ಫೈಲ್ ತೆಗೆದು ಒಂದೊಂದೇ ಸಾಲು ಓದಿ. ಫ್ಯೂಸ್ ಇನ್ನೂ ಬರ್ನ್ ಮಾಡಿಲ್ಲ ತಾನೇ? ಓದಿ ಮುಗಿಯೋವರೆಗೂ ಮಾಡ್ಬೇಡಿ.