ಮೋರ್ಸ್ ಸಂಗ್ರಹ ಇರುವುದು ಬಾಸ್ಟನ್ನಿನಲ್ಲೋ, ಸೇಲಂನಲ್ಲೋ?

ಎಡ್ವರ್ಡ್ ಮೋರ್ಸ್ ಅವರ ಜಪಾನಿ ಸಂಗ್ರಹವನ್ನು ಯಾವ ಊರಿನಲ್ಲಿ ನೋಡಬೇಕು, ಪ್ರಾಣಿಶಾಸ್ತ್ರಜ್ಞರೊಬ್ಬರಿಗೆ ಮಡಕೆ ಕುಡಿಕೆಗಳ ಗೊಡವೆ ಏಕೆ ಬಂತು ಎಂದು ತಾವು ಕೇಳಿದ್ದೀರಿ. ಸಂಗ್ರಹವು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಈ ಎರಡೂ ಊರುಗಳಲ್ಲಿ ಹಂಚಿಹೋಗಿದೆ. ಸುಮಾರು 5,000 ಮಣ್ಣಿನ ಪಾತ್ರೆಗಳನ್ನು ಬಾಸ್ಟನ್ನಿನ ಲಲಿತಕಲೆಗಳ ಮ್ಯೂಸಿಯಂ 1892ರಲ್ಲಿ ಕೊಂಡುಕೊಂಡಿತು. ದಿನಬಳಕೆಯ ವಸ್ತುಗಳು ಸೇಲಂನ ಪೀಬಾಡಿ ಎಸೆಕ್ಸ್ ಮ್ಯೂಸಿಯಂನಲ್ಲಿವೆ. ಅದರ ಹಿಂದಿನ ರೂಪವಾದ ಪೀಬಾಡಿ ವಿಜ್ಞಾನ ಅಕಾಡೆಮಿಗೆ 1880ರಿಂದ ಮೋರ್ಸ್ ಅವರೇ ನಿರ್ದೇಶಕರಾಗಿದ್ದರು.

ಅವರು 1877ರಲ್ಲಿ ಜಪಾನಿಗೆ ಹೋದದ್ದು ಬ್ರಾಕಿಯೋಪಾಡ್ ಎಂಬ ಚಿಪ್ಪುಳ್ಳ ಕಡಲಜೀವಿಗಳನ್ನು ಹುಡುಕಿಕೊಂಡು. ಯೊಕೊಹಾಮಾದಿಂದ ಟೋಕಿಯೋಗೆ ರೈಲಿನಲ್ಲಿ ಹೋಗುವಾಗ, ಓಮೊರಿಯ ಬಳಿ ಹಳಿಗಾಗಿ ಕಡಿದಿದ್ದ ದಿಬ್ಬದಲ್ಲಿ ಚಿಪ್ಪುಗಳ ಪದರ ಕಂಡಿತು. ಚಿಪ್ಪಿನಲ್ಲಿ ಪಳಗಿದ ಕಣ್ಣಲ್ಲವೇ, ಅದು ಪ್ರಾಚೀನ ಮನುಷ್ಯರು ತಿಂದೆಸೆದ ರಾಶಿಯೆಂದು ಅವರಿಗೆ ಕೂಡಲೇ ಹೊಳೆಯಿತು. ಅಲ್ಲಿ ಅಗೆದಾಗ ಸಿಕ್ಕ ಮಡಕೆಗಳ ಮೈಮೇಲೆ ಹಸಿಮಣ್ಣಿಗೆ ಹುರಿಯನ್ನೊತ್ತಿದ ಗುರುತುಗಳಿದ್ದವು. ಜಪಾನಿನ ಆ ಪ್ರಾಚೀನ ಯುಗಕ್ಕೆ ಜೋಮೋನ್, ಅಂದರೆ ಹುರಿಗುರುತು, ಎಂಬ ಹೆಸರು ಬಂದದ್ದು ಹೀಗೆ.

ಪಾಶ್ಚಾತ್ಯ ರೀತಿನೀತಿಗಳು ನುಗ್ಗಿ ಬರುತ್ತಿದ್ದ ಮೇಜಿ ಚಕ್ರವರ್ತಿಯ ಆ ಕಾಲದಲ್ಲಿ, ಬೇರೆ ಸಂಗ್ರಹಕಾರರು ಬುದ್ಧವಿಗ್ರಹಗಳನ್ನೂ ಚಿತ್ರಗಳನ್ನೂ ಅರಸುತ್ತಿದ್ದರೆ, ಮೋರ್ಸ್ ಅಂಗಡಿಯ ಫಲಕ, ಮರದ ಪಾದರಕ್ಷೆ, ಬಡಗಿಯ ಉಪಕರಣ, ಗಾಜಿನ ಸೀಸೆಯಲ್ಲಿ ತುಂಬಿಟ್ಟ ಸಕ್ಕರೆ ಮಿಠಾಯಿಯನ್ನು ಸಹ ಬಿಡಲಿಲ್ಲ. ತಿಂದು ಮುಗಿಸುವ ವಸ್ತುವನ್ನೂ ಮಾದರಿಯಂತೆ ಕಾಪಿಡುವುದು ಜೀವಶಾಸ್ತ್ರಜ್ಞನಿಗೆ ಮಾತ್ರ ತೋಚುವ ಕೆಲಸ ಎಂದು ನನಗನ್ನಿಸುತ್ತದೆ. ತಮಗೆ ಒಂದೇ ದಿನ ಬಿಡುವಿದ್ದರೆ ಸೇಲಂ ಆರಿಸಿಕೊಳ್ಳಿ. ಬಾಸ್ಟನ್ನಿನ ನಾರ್ತ್ ಸ್ಟೇಷನ್‌ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ಹಾದಿ.