ಕೋಣನಕುಂಟೆ ಕ್ರಾಸ್ ಫ್ಲ್ಯಾಟ್: ಮೊದಲು ಕಾಗದಪತ್ರ ನೋಡಿ ಸಾರ್

ಬೆಂಗಳೂರಿನ ಕೋಣನಕುಂಟೆ ಕ್ರಾಸ್ ಹತ್ತಿರ ಬಿ ಖಾತಾ (ಅನುಮತಿ ಸರಿಯಿಲ್ಲದ ಆಸ್ತಿಗೆ ತೆರಿಗೆ ವಸೂಲಿಗಾಗಿ ಪಾಲಿಕೆ ಇಡುವ ಬೇರೆ ದಾಖಲೆ) ಇರುವ ಹಳೇ ಟೂ ಬಿಎಚ್‌ಕೆ ತಗೋಬಹುದಾ ಅಂತ ಕೇಳಿದ್ದೀರಲ್ಲ, ಜಾಗದ ಬಗ್ಗೆ ನನ್ನ ತಕರಾರಿಲ್ಲ. 2021ರ ಜನವರಿಯಲ್ಲಿ ಮೆಟ್ರೋ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ಮುಂದಕ್ಕೆ ಬಂದ ಮೇಲೆ ಮೆಜೆಸ್ಟಿಕ್‌ಗೆ ಹೋಗುವುದು ಸಲೀಸು, ಆದರೆ ಸಂಜೆ ಕನಕಪುರ ರಸ್ತೆಗೆ ಕಾರು ಇಳಿಸಿದರೆ ಮುಗೀತು. ಬ್ರೋಕರ್ ಕಾವೇರಿ ನೀರಿದೆ ಅನ್ನುತ್ತಾರೆ. ನಂಬಬೇಡಿ, ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ತರಿಸಿದರು ಅಂತ ಸುಮ್ನೆ ವಾಚ್‌ಮನ್ ಹತ್ತಿರ ಕೇಳಿ (ಅವರಿಗೆ ಎಲ್ಲಾ ಗೊತ್ತಿರುತ್ತದೆ). ನನಗೆ ಜಾಸ್ತಿ ಹೆದರಿಕೆ ಬಿ ಖಾತಾದ್ದೇ. ಬೆಲೆ ಕಡಿಮೆ ಕಾಣುತ್ತದೆ ನಿಜ, ಆದರೆ ಎಷ್ಟೋ ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕುತ್ತವೆ, ನಾಳೆ ನೀವು ಮಾರುವಾಗಲೂ ಅದೇ ಗೋಳು ಅಲ್ವಾ? ಇ-ಖಾತಾ (ಖಾತಾದ ಡಿಜಿಟಲ್ ದಾಖಲೆ), ಓಸಿ (ಕಟ್ಟಡದಲ್ಲಿ ವಾಸಿಸಬಹುದು ಅನ್ನುವ ಪ್ರಮಾಣಪತ್ರ), ಜಮೀನಿನ 30 ವರ್ಷದ ಇಸಿ (ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ) ವಕೀಲರು ನೋಡುವವರೆಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ.